ಡೌನ್‌ಲೋಡ್ ತೆವಳುತ್ತಿದೆಯೇ? ತಡೆ ಎಲ್ಲಿದೆ ಎಂದು ಮೊದಲು ಹುಡುಕಿ

ಮನೆಯ ಇಂಟರ್‌ನೆಟ್ ನಿಧಾನವಾದಾಗ ನಾವು ಮೊದಲು ಮಾಡುವುದು ರೌಟರ್ ಆಫ್ ಮಾಡಿ ಆನ್ ಮಾಡುವ ಕೆಲಸ. ಅದರಿಂದ ಸರಿಹೋಗದಿದ್ದರೆ ಕಸ್ಟಮರ್ ಕೇರ್‌ಗೆ ಫೋನ್. ಅವರು ಇನ್ನೊಮ್ಮೆ ಆಫ್ ಮಾಡಿ ಆನ್ ಮಾಡಿಸುತ್ತಾರೆ. ಆಮೇಲೆ ಯಾರೋ ದೊಡ್ಡ ಪ್ಲಾನ್ ಹಾಕಿಸಿ ಅನ್ನುತ್ತಾರೆ, ಇನ್ಯಾರೋ ಹೊಸ ರೌಟರ್ ತನ್ನಿ ಅನ್ನುತ್ತಾರೆ. ದುಡ್ಡು ಹೋಗುತ್ತದೆ, ವೇಗ ಮಾತ್ರ ಅಲ್ಲೇ ಇರುತ್ತದೆ. ತೊಂದರೆ ವೈಫೈನಲ್ಲಿ ಇರುವಾಗ ಪ್ಲಾನ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಒಂದು ಫೈಲ್ ನಿಮ್ಮ ಲ್ಯಾಪ್‌ಟಾಪ್‌ಗೆ ಬಂದು ಸೇರಬೇಕಾದರೆ ಹಲವು ಕೈ ದಾಟಿ ಬರಬೇಕು. ದೂರದ ಸರ್ವರ್, ಇಂಟರ್‌ನೆಟ್ ಕೊಡುವ ಕಂಪನಿಯ ಜಾಲ, ಮನೆಗೆ ಬರುವ ಲೈನ್, ಆ ಲೈನ್ ಬಂದು ಸೇರುವ ಡಬ್ಬಿ, ರೌಟರ್, ಅಲ್ಲಿಂದ ಮುಂದೆ ಕೇಬಲ್ ಇಲ್ಲವೇ ವೈಫೈ, ಕೊನೆಗೆ ನಿಮ್ಮ ಯಂತ್ರ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ನಿಧಾನವೋ ಅದರ ವೇಗವೇ ನಿಮಗೆ ಸಿಗುವ ವೇಗ. ಹಾಗಾಗಿ ನಮ್ಮ ಕೆಲಸ ಇಷ್ಟೇ: ಒಂದೊಂದೇ ಕೊಂಡಿಯನ್ನು ಬೇರೆ ಮಾಡಿ ಪರೀಕ್ಷಿಸುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಒಟ್ಟಿಗೆ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಸರಿಹೋಯಿತು ಅನ್ನುವುದೇ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಮತ್ತೆ ಕೆಟ್ಟಾಗ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಮೊದಲು ಲೆಕ್ಕ ಸರಿಮಾಡಿಕೊಳ್ಳಿ

ಎಷ್ಟೋ ಜನರಿಗೆ ವೇಗ ಸರಿಯಾಗಿಯೇ ಬರುತ್ತಿರುತ್ತದೆ. ಲೆಕ್ಕದ ಗೊಂದಲದಿಂದ ಕಡಿಮೆ ಅನ್ನಿಸುತ್ತದೆ. ಕಂಪನಿಯವರು ಪ್ಲಾನ್ ಹೇಳುವುದು ಮೆಗಾಬಿಟ್‌ನಲ್ಲಿ. ಬ್ರೌಸರ್ ಡೌನ್‌ಲೋಡ್ ತೋರಿಸುವುದು ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಅಂದರೆ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಪ್ಲಾನ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. ಡೇಟಾ ಜೊತೆಗೆ ವಿಳಾಸ, ಲೆಕ್ಕಪತ್ರ ಅಂತ ಒಂದಷ್ಟು ಹೆಚ್ಚುವರಿ ಬಿಟ್‌ಗಳೂ ಹೋಗುವುದರಿಂದ ಕೈಗೆ ಸಿಗುವುದು 11ರಿಂದ 12. ಸ್ಕ್ರೀನ್ ಮೇಲೆ 11.4 ಎಂದು ಕಂಡರೆ ನಿಮ್ಮ 100 ಎಂಬಿಪಿಎಸ್ ಪೂರ್ತಿ ಬರುತ್ತಿದೆ ಎಂದೇ ಅರ್ಥ. ಆ ವೇಗದಲ್ಲಿ 1 ಜಿಬಿ ಫೈಲ್ ಇಳಿಯಲು ಸುಮಾರು ಒಂದೂವರೆ ನಿಮಿಷ ಬೇಕು. ಅಕ್ಷರ ನೋಡಿದರೆ ಗುರುತು ಹಿಡಿಯಬಹುದು: ಇಂಗ್ಲಿಷಿನ ಸಣ್ಣ ಬಿ ಇದ್ದರೆ ಬಿಟ್, ದೊಡ್ಡ ಬಿ ಇದ್ದರೆ ಬೈಟ್.

ಜೊತೆಗೆ ಪ್ಲಾನ್‌ನ ವಿವರವನ್ನೂ ಒಮ್ಮೆ ಓದಿ. ಕೆಲವು ಪ್ಲಾನ್‌ಗಳಲ್ಲಿ ತಿಂಗಳಿಗೆ ಇಂತಿಷ್ಟು ಡೇಟಾ ಅಂತ ಮಿತಿ ಇರುತ್ತದೆ. ಅದು ಮುಗಿದ ಮೇಲೆ ವೇಗ ಇಳಿಸುತ್ತಾರೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಯಾವಾಗ ನೋಡಿದರೂ ಒಂದೇ ಸಣ್ಣ ಸಂಖ್ಯೆಗೆ ಅಂಟಿಕೊಂಡಿದ್ದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ಅಳತೆ ತೆಗೆಯುವ ಸರಿಯಾದ ರೀತಿ

ಮಂಚದ ಮೇಲೆ ಮಲಗಿ ಮೊಬೈಲ್‌ನಲ್ಲಿ ಒಂದು ಸ್ಪೀಡ್ ಟೆಸ್ಟ್ ಮಾಡಿ ತೀರ್ಮಾನಕ್ಕೆ ಬರಬೇಡಿ. ಆ ಸಂಖ್ಯೆಯಲ್ಲಿ ಲೈನ್, ರೌಟರ್, ಗೋಡೆ, ಮೊಬೈಲ್ ಎಲ್ಲದರ ತೊಂದರೆಯೂ ಕಲಸಿಹೋಗಿರುತ್ತದೆ.

ಹೀಗೆ ಮಾಡಿ. ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರನ್ನು ಲ್ಯಾನ್ ಕೇಬಲ್ ಮೂಲಕ ನೇರವಾಗಿ ರೌಟರ್‌ಗೆ ಜೋಡಿಸಿ. ಅದರ ವೈಫೈ ಆಫ್ ಮಾಡಿ. ಇದನ್ನು ಮರೆತರೆ ಟೆಸ್ಟ್ ಸುಮ್ನೆ ವೈಫೈ ಮೇಲೆಯೇ ನಡೆದುಬಿಡಬಹುದು. ವಿಪಿಎನ್ (ಡೇಟಾವನ್ನು ಬೇರೊಂದು ಸರ್ವರ್ ಮೂಲಕ ಸುತ್ತಿಸಿ ಕಳಿಸುವ ಆ್ಯಪ್) ಇದ್ದರೆ ನಿಲ್ಲಿಸಿ. ಮನೆಯ ಬೇರೆ ಮೊಬೈಲ್, ಟಿವಿಗಳನ್ನು ಹತ್ತು ನಿಮಿಷದ ಮಟ್ಟಿಗೆ ವೈಫೈನಿಂದ ಬಿಡಿಸಿ. ಈಗ ಮೂರು ಸಲ ಟೆಸ್ಟ್ ಮಾಡಿ. ಉಕ್ಲಾ ಕಂಪನಿಯ ಸ್ಪೀಡ್‌ಟೆಸ್ಟ್ ಎಲ್ಲರಿಗೂ ಗೊತ್ತು. ಅದರ ಜೊತೆಗೆ ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್‌ನಲ್ಲೂ ನೋಡಿ. ಇದು ನೆಟ್‌ಫ್ಲಿಕ್ಸ್‌ನ ಸರ್ವರ್‌ಗಳಿಂದಲೇ ಡೇಟಾ ಎಳೆದು ಅಳೆಯುತ್ತದೆ. ಎರಡರ ನಡುವೆ ಭಾರಿ ಅಂತರ ಬಂದರೆ ಅದೇ ಒಂದು ಸುಳಿವು: ಲೈನ್ ಚೆನ್ನಾಗಿದೆ, ಕೆಲವು ಕಡೆಗೆ ಹೋಗುವ ದಾರಿ ಮಾತ್ರ ಇಕ್ಕಟ್ಟಾಗಿದೆ.

ಒಂದು ಹಾಳೆ ತೆಗೆದುಕೊಂಡು ಬರೆದಿಡಿ: ದಿನ, ಗಂಟೆ, ಕೇಬಲ್ಲೋ ವೈಫೈಯೋ, ಡೌನ್‌ಲೋಡ್, ಅಪ್‌ಲೋಡ್, ಪಿಂಗ್ (ಸರ್ವರ್‌ಗೆ ಹೋಗಿ ಉತ್ತರ ಬರಲು ಹಿಡಿಯುವ ಸಮಯ). ಇದನ್ನೇ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ 8ರಿಂದ 10ರ ನಡುವೆ ಒಮ್ಮೆ ಮಾಡಿ. ಎರಡು ಮೂರು ದಿನ ಸಾಕು. ಈ ಹಾಳೆ ಮುಂದೆ ನಿಮಗೆ ಬಹಳ ಕೆಲಸಕ್ಕೆ ಬರುತ್ತದೆ.

ಕೇಬಲ್‌ನಲ್ಲಿ ಪೂರ್ತಿ ವೇಗ ಬಂದು ವೈಫೈನಲ್ಲಿ ಬರದಿದ್ದರೆ ತೊಂದರೆ ಮನೆಯೊಳಗೇ ಇದೆ. ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಕೇಬಲ್‌ನಲ್ಲೂ ಬರದಿದ್ದರೆ ಕೇಬಲ್, ರೌಟರ್, ಲೈನ್ ಈ ಮೂರನ್ನು ನೋಡಬೇಕು. ಟೆಸ್ಟ್‌ನಲ್ಲಿ ಎಲ್ಲ ಚೆನ್ನಾಗಿದ್ದು ಒಂದೇ ವೆಬ್‌ಸೈಟ್ ನಿಧಾನವಾಗಿದ್ದರೆ ತಪ್ಪು ಆ ಕಡೆಯದು.

94ರ ಕಥೆ

ನಮ್ಮ ಮನೆಯಲ್ಲಿ 300 ಎಂಬಿಪಿಎಸ್ ಪ್ಲಾನ್ ಇತ್ತು. ಕೆಲವು ವಾರಗಳಿಂದ ಟೆಸ್ಟ್ ಮಾಡಿದಾಗಲೆಲ್ಲ 94, 93, 94. ನಾನು ಲೈನ್ ಸರಿಯಿಲ್ಲ ಅಂದುಕೊಂಡು ಎರಡು ಸಲ ದೂರು ಕೊಟ್ಟೆ. ಬಂದವರು ಡಬ್ಬಿ ನೋಡಿ, ಸಿಗ್ನಲ್ ಚೆನ್ನಾಗಿದೆ ಎಂದು ಹೇಳಿ ಹೋದರು. ಅವರು ಹೇಳಿದ್ದು ನಿಜವೇ ಆಗಿತ್ತು. ಹಾಳೆಯಲ್ಲಿ ಬರೆದ ಸಂಖ್ಯೆಗಳನ್ನು ಸಾಲಾಗಿ ನೋಡಿದಾಗ ಹೊಳೆಯಿತು. ಲೈನ್ ಕೆಟ್ಟರೆ ವೇಗ ಏರಿಳಿಯುತ್ತದೆ, ಒಂದೇ ಸಂಖ್ಯೆಗೆ ಮೊಳೆ ಹೊಡೆದಂತೆ ನಿಲ್ಲುವುದಿಲ್ಲ.

ಡಬ್ಬಿಯಿಂದ ರೌಟರ್‌ಗೆ ಹೋಗುವ ಲ್ಯಾನ್ ಕೇಬಲ್ ಬೀರುವಿನ ಕಾಲಿನ ಕೆಳಗೆ ಸಿಕ್ಕಿಕೊಂಡಿತ್ತು. ಬಿಡಿಸಿ ತೆಗೆದು ಅದರ ತುದಿಯ ಪ್ಲಾಸ್ಟಿಕ್ ಪ್ಲಗ್ಗನ್ನು ಬೆಳಕಿಗೆ ಹಿಡಿದೆ. ಒಳಗೆ 8 ಸಣ್ಣ ತಂತಿಗಳು ಸಾಲಾಗಿ ಕಾಣುತ್ತವೆ. ಏಳು ತಂತಿಗಳು ತುದಿ ಮುಟ್ಟಿದ್ದವು. ಕೊನೆಯ ಕಂದು ತಂತಿ ಮಾತ್ರ ಕೂದಲೆಳೆಯಷ್ಟು ಹಿಂದೆ ಸರಿದಿತ್ತು. ಅಷ್ಟೇ ತೊಂದರೆ. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿ, ಅಂದರೆ ನಾಲ್ಕು ಜೋಡಿ ಬೇಕು. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಒಂದು ತಂತಿ ಕೈಕೊಟ್ಟರೆ ಎರಡೂ ಕಡೆಯ ಯಂತ್ರಗಳು ಬಹಳ ಸಲ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಇಂಟರ್‌ನೆಟ್ ನಿಲ್ಲದ ಕಾರಣ ಕೇಬಲ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಕೇಬಲ್ ಬದಲಿಸಿದ ತಕ್ಷಣ 290 ದಾಟಿತು.

ನಿಮ್ಮ ಟೆಸ್ಟ್ ಕೂಡ 90ರಿಂದ 95ರೊಳಗೆ ನಿಂತುಬಿಟ್ಟಿದ್ದರೆ ಇದನ್ನೇ ನೋಡಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ವಿಭಾಗದಲ್ಲಿ ಈಥರ್‌ನೆಟ್ ಒತ್ತಿದರೆ ಲಿಂಕ್ ಸ್ಪೀಡ್ ಎಂದು ತೋರಿಸುತ್ತದೆ. 1000 ಇರಬೇಕಾದ ಕಡೆ 100 ಇದ್ದರೆ ಕೇಬಲ್ ಬದಲಿಸಿ. ಇದು ತೋರಿಸುವುದು ಲ್ಯಾಪ್‌ಟಾಪ್ ಮತ್ತು ರೌಟರ್ ನಡುವಿನ ಕೇಬಲ್‌ನದು ಮಾತ್ರ. ಇಲ್ಲಿ 1000 ಇದ್ದರೂ ವೇಗ 94ರಲ್ಲೇ ನಿಂತಿದ್ದರೆ, ನಮ್ಮ ಮನೆಯಲ್ಲಾದಂತೆ ಡಬ್ಬಿಯಿಂದ ರೌಟರ್‌ಗೆ ಬರುವ ಕೇಬಲ್ ಬದಲಿಸಿ ನೋಡಿ. ಹೊಸ ಕೇಬಲ್ ಮೇಲೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಅಚ್ಚಾಗಿದ್ದರೆ ಸಾಕು, ಅದಕ್ಕಿಂತ ದುಬಾರಿಯದು ಬೇಡ. ಆದರೆ ಕೇಬಲ್ ಬದಲಿಸಿದರೂ 100 ಅಂತಲೇ ತೋರಿಸಿದರೆ? ಹಳೆಯ ಮತ್ತು ಅಗ್ಗದ ಎಷ್ಟೋ ರೌಟರ್‌ಗಳ ಪೋರ್ಟ್‌ಗಳೇ 100 ಎಂಬಿಪಿಎಸ್‌ನವು. ಲ್ಯಾಪ್‌ಟಾಪ್‌ಗೆ ಹಾಕುವ ಕೆಲವು ಯುಎಸ್‌ಬಿ ಲ್ಯಾನ್ ಅಡಾಪ್ಟರ್‌ಗಳೂ ಹಾಗೆಯೇ. ನಿಮ್ಮ ಪ್ಲಾನ್ 100ಕ್ಕಿಂತ ಜಾಸ್ತಿ ಇದ್ದರೆ ಇವನ್ನು ಬದಲಿಸದೆ ಬೇರೆ ದಾರಿಯಿಲ್ಲ.

ವೈಫೈ: ಹೆಚ್ಚಿನ ಮನೆಗಳ ತೊಂದರೆ ಇಲ್ಲೇ

ಇದಕ್ಕೂ ಒಂದು ಸಣ್ಣ ಪರೀಕ್ಷೆ ಇದೆ. ಮೊಬೈಲ್ ಹಿಡಿದು ರೌಟರ್‌ನಿಂದ ಎರಡು ಮೀಟರ್ ದೂರದಲ್ಲಿ ನಿಂತು ಟೆಸ್ಟ್ ಮಾಡಿ. ಆಮೇಲೆ ಒಂದು ಗೋಡೆಯ ಆಚೆ. ಆಮೇಲೆ ನೀವು ದಿನಾ ಕೂರುವ ಜಾಗದಲ್ಲಿ. ಈ ಮೂರು ಸಂಖ್ಯೆ ನೋಡಿದರೆ ವೇಗ ಎಲ್ಲಿ ಬೀಳುತ್ತಿದೆ ಎಂದು ತಾನಾಗಿಯೇ ಗೊತ್ತಾಗುತ್ತದೆ.

ರೌಟರ್‌ನ ಪಕ್ಕದಲ್ಲೇ ವೇಗ ಕಡಿಮೆ ಬಂದರೆ ಮೊದಲು ಬ್ಯಾಂಡ್ ನೋಡಿ. ಇವತ್ತಿನ ಹೆಚ್ಚಿನ ರೌಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ವೈಫೈ ಕೊಡುತ್ತವೆ. 2.4 ದೂರ ಹೋಗುತ್ತದೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ, ಆದರೆ ನಿಧಾನ. ಅಲ್ಲಿ ಜನಜಂಗುಳಿಯೂ ಜಾಸ್ತಿ: ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಅದೇ ಅಲೆಗಳಲ್ಲಿ ಇರುತ್ತವೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರೆ ನಿಮ್ಮ ಮೊಬೈಲ್ ಯಾವುದನ್ನು ಹಿಡಿದಿದೆ ಎಂದು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಪಕ್ಕದಲ್ಲೇ ಕೂತಿದ್ದರೂ ಅದು 2.4ಕ್ಕೆ ಅಂಟಿಕೊಂಡಿರಬಹುದು. ಹಾಗಾಗಿ ರೌಟರ್‌ನ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ನೋಡಿ. ಡೌನ್‌ಲೋಡ್ ಮಾಡುವ ಲ್ಯಾಪ್‌ಟಾಪ್, ಟಿವಿ 5ರಲ್ಲಿರಲಿ. ದೂರದ ಕೋಣೆಯ ಬಲ್ಬು, ಪ್ರಿಂಟರ್‌ನಂಥವು 2.4ರಲ್ಲಿರಲಿ.

ಆ ಸೆಟ್ಟಿಂಗ್‌ಗೆ ಹೋಗಲು ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಎಂದು ಟೈಪ್ ಮಾಡಿ. ಬಹುತೇಕ ರೌಟರ್‌ಗಳು ಈ ಎರಡರಲ್ಲಿ ಒಂದಕ್ಕೆ ತೆರೆದುಕೊಳ್ಳುತ್ತವೆ. ತೆರೆಯದಿದ್ದರೆ ರೌಟರ್‌ನ ಅಡಿಯಲ್ಲಿ ಅಂಟಿಸಿದ ಚೀಟಿ ನೋಡಿ, ವಿಳಾಸ ಮತ್ತು ಪಾಸ್‌ವರ್ಡ್ ಅಲ್ಲಿರುತ್ತದೆ.

ಒಳಗೆ ಹೋಗಿದ್ದೀರಿ ಅಂದಮೇಲೆ ಇನ್ನೆರಡು ನೋಡಿಬಿಡಿ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮಾತ್ರ. ಸುತ್ತಲಿನ ವೈಫೈಗಳು ಯಾವ ಚಾನೆಲ್‌ನಲ್ಲಿವೆ ಎಂದು ತೋರಿಸುವ ಆ್ಯಪ್‌ಗಳಿವೆ. ಈ ಮೂರರಲ್ಲಿ ಜನ ಕಡಿಮೆ ಇರುವುದನ್ನು ಆರಿಸಿ, ಚಾನೆಲ್‌ನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. 3, 4 ಅಂತ ನಡುವಿನದ್ದು ಆರಿಸಿದರೆ ಎರಡೂ ಕಡೆಯವರ ಗಲಾಟೆ ನಿಮಗೆ ಬರುತ್ತದೆ. ಇನ್ನೊಂದು ಭದ್ರತೆಯ ಸೆಟ್ಟಿಂಗ್. ಅಲ್ಲಿ ಟಿಕೆಐಪಿ ಅಥವಾ ಡಬ್ಲ್ಯೂಇಪಿ ಎಂಬ ಹಳೆಯ ಬಗೆ ಇದ್ದರೆ ವೈಫೈ ಹಳೆಯ 54 ಎಂಬಿಪಿಎಸ್ ಮಿತಿಯೊಳಗೆ ಸಿಕ್ಕಿಕೊಳ್ಳುತ್ತದೆ. ಭದ್ರತೆಯೂ ಹಾಳು, ವೇಗವೂ ಹಾಳು. ಡಬ್ಲ್ಯೂಪಿಎ2 ಜೊತೆ ಎಇಎಸ್, ಇಲ್ಲವೇ ಡಬ್ಲ್ಯೂಪಿಎ3 ಆರಿಸಿ.

ಪಕ್ಕದಲ್ಲಿ ವೇಗ ಚೆನ್ನಾಗಿ ಬಂದು ದೂರದಲ್ಲಿ ಬಿದ್ದರೆ ಅದು ಜಾಗದ ತೊಂದರೆ. ರೌಟರ್ ನೋಡಲು ಚೆನ್ನಾಗಿಲ್ಲ ಅಂತ ಟಿವಿಯ ಹಿಂದೆಯೋ ಕಪಾಟಿನೊಳಗೋ ತುರುಕುತ್ತೇವೆ, ಅಲ್ವಾ? ಅದೇ ತಪ್ಪು. ಲೋಹ, ಕನ್ನಡಿ, ನೀರು ತುಂಬಿದ ಮೀನಿನ ತೊಟ್ಟಿ ಇವೆಲ್ಲ ವೈಫೈಗೆ ಗೋಡೆಗಿಂತ ಕೆಟ್ಟವು. ಮನೆಯ ನಡುಭಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ಸುತ್ತ ಗಾಳಿಯಾಡುವಂತೆ ಇಡಿ. ರೌಟರ್‌ಗೆ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಚುಚ್ಚಿದ್ದರೆ ಒಮ್ಮೆ ತೆಗೆದು ಟೆಸ್ಟ್ ಮಾಡಿ. ಆ ಯುಎಸ್‌ಬಿಯಿಂದ ಹೊರಡುವ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ವೈಫೈಯನ್ನು ಕೆಡಿಸುತ್ತದೆ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ.

ವೈಫೈಯನ್ನು ಹಿಡಿದು ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಅಗ್ಗದವು ಕೇಳುವುದು ಮತ್ತು ಹೇಳುವುದು ಎರಡನ್ನೂ ಒಂದೇ ರೇಡಿಯೋದಲ್ಲಿ ಮಾಡುತ್ತವೆ, ಅದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲ್ ಇಲ್ಲದ ಕೋಣೆಯಲ್ಲೇ ಅದನ್ನು ಇಟ್ಟರೆ ಅದಕ್ಕೂ ಸಿಗ್ನಲ್ ಇರುವುದಿಲ್ಲ. ಇಡಲೇಬೇಕಾದರೆ ರೌಟರ್ ಮತ್ತು ಆ ಕೋಣೆಯ ನಡುದಾರಿಯಲ್ಲಿ ಇಡಿ. ಸಾಧ್ಯವಿದ್ದರೆ ಆ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆಸಿ, ಅಲ್ಲೊಂದು ಆ್ಯಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ಇಂಟರ್‌ನೆಟ್ಟನ್ನು ವೈಫೈ ಮಾಡಿ ಕೊಡುವ ಸಾಧನ) ಹಾಕಿ. ಒಂದು ದಿನದ ಕೆಲಸ, ಆಮೇಲೆ ವರ್ಷಗಟ್ಟಲೆ ನೆಮ್ಮದಿ.

ವೇಗವನ್ನು ಯಾರು ತಿನ್ನುತ್ತಿದ್ದಾರೆ?

ಡೌನ್‌ಲೋಡ್ ನಿಧಾನವಾಗಲು ಅಪ್‌ಲೋಡ್ ಕಾರಣವಾಗಬಹುದು. ಇದನ್ನು ನಂಬಲು ನನಗೂ ಸಮಯ ಬೇಕಾಯಿತು. ನೀವು ಡೇಟಾ ಇಳಿಸುವಾಗ ನಿಮ್ಮ ಯಂತ್ರ ಸುಮ್ಮನೆ ಕೂರುವುದಿಲ್ಲ. ಬಂದು ಸೇರಿದ ಡೇಟಾಗೆ ಮುಟ್ಟಿತು, ಮುಟ್ಟಿತು ಎಂದು ಸರ್ವರ್‌ಗೆ ಹೇಳುತ್ತಲೇ ಇರುತ್ತದೆ. ಆ ಉತ್ತರ ತಲುಪುವುದು ತಡವಾದರೆ ಸರ್ವರ್ ಕಳಿಸುವುದನ್ನೇ ನಿಧಾನ ಮಾಡುತ್ತದೆ. ಮನೆಯಲ್ಲಿ ಯಾರದೋ ಮೊಬೈಲ್ ನೂರಾರು ಫೋಟೋ, ವಿಡಿಯೋಗಳನ್ನು ಕ್ಲೌಡ್‌ಗೆ ಏರಿಸುತ್ತಿದ್ದರೆ ಅಪ್‌ಲೋಡ್ ದಾರಿ ತುಂಬಿ ಈ ಉತ್ತರಗಳು ಸಾಲಿನಲ್ಲಿ ಕಾಯುತ್ತವೆ. ಕ್ಲೌಡ್‌ಗೆ ರೆಕಾರ್ಡ್ ಮಾಡುವ ಕ್ಯಾಮೆರಾಗಳೂ ಇದನ್ನೇ ಮಾಡುತ್ತವೆ. ಅಪ್‌ಲೋಡ್ ವೇಗ ಕಡಿಮೆ ಇರುವ ಪ್ಲಾನ್‌ಗಳಲ್ಲಿ ಇದರ ಹೊಡೆತ ಜಾಸ್ತಿ.

ಪರೀಕ್ಷೆ ಸುಲಭ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಪಿಂಗ್ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದು ಸ್ಪೇಸ್ ಬಿಟ್ಟು 8.8.8.8 ಎಂದು ಹಾಕಿ ಎಂಟರ್ ಒತ್ತಿ. ಸುಮ್ಮನಿದ್ದಾಗ 20 ಮಿಲಿಸೆಕೆಂಡ್ ಬರುವ ಕಡೆ, ನಿಧಾನವಾದ ಹೊತ್ತಿನಲ್ಲಿ 300, 400 ಬಂದರೆ ದಾರಿ ತುಂಬಿದೆ ಎಂದರ್ಥ. ಮೊಬೈಲ್‌ಗಳನ್ನು ಒಂದೊಂದಾಗಿ ವೈಫೈನಿಂದ ಬಿಡಿಸುತ್ತಾ, ಪ್ರತಿ ಸಲವೂ ಪಿಂಗ್ ಮತ್ತೆ ಮಾಡುತ್ತಾ ಹೋಗಿ. ಯಾವುದನ್ನು ಬಿಡಿಸಿದಾಗ ಪಿಂಗ್ ದಬಕ್ಕನೆ ಇಳಿಯಿತೋ ಅದೇ ಕಾರಣ. ಬ್ಯಾಕಪ್ ರಾತ್ರಿ ಮಲಗಿದ ಮೇಲೆ ನಡೆಯುವಂತೆ ಬದಲಿಸಿ. ರೌಟರ್‌ನಲ್ಲಿ ಡೇಟಾದ ಸಾಲನ್ನು ಹದವಾಗಿಡುವ ಎಸ್‌ಕ್ಯೂಎಂ ಅಥವಾ ಕ್ಯೂಓಎಸ್ ಸೌಲಭ್ಯ ಇದ್ದರೆ ಅಪ್‌ಲೋಡ್, ಡೌನ್‌ಲೋಡ್ ಎರಡಕ್ಕೂ ನಿಮ್ಮ ನಿಜವಾದ ವೇಗದ 85ರಿಂದ 90 ಶೇಕಡಾ ಮಿತಿ ಹಾಕಿ. ಮೇಲಿನ ಹತ್ತು ಶೇಕಡಾ ಬಿಟ್ಟುಕೊಟ್ಟರೂ ಒಟ್ಟಾರೆ ಎಲ್ಲರಿಗೂ ಸಲೀಸಾಗುತ್ತದೆ.

ವಿಂಡೋಸ್‌ನ ಡೆಲಿವರಿ ಆಪ್ಟಿಮೈಸೇಶನ್ ಅನ್ನುವುದೊಂದಿದೆ. ನೀವು ಇಳಿಸಿಕೊಂಡ ಅಪ್‌ಡೇಟ್‌ಗಳನ್ನು ಬೇರೆ ಕಂಪ್ಯೂಟರ್‌ಗಳಿಗೂ ಅದು ಹಂಚಬಲ್ಲದು. ಇಂಟರ್‌ನೆಟ್‌ನಲ್ಲಿರುವ ಬೇರೆಯವರಿಗೆ ಹಂಚುವುದನ್ನು ಆಫ್ ಮಾಡಿ. ರೌಟರ್ ಪುಟದಲ್ಲಿ ಜೋಡಣೆಯಾದ ಸಾಧನಗಳ ಪಟ್ಟಿ ಕೂಡ ಇರುತ್ತದೆ. ಅದರಲ್ಲಿ ಗುರುತಿಲ್ಲದ ಹೆಸರು ಕಂಡರೆ ವೈಫೈ ಪಾಸ್‌ವರ್ಡ್ ಬದಲಿಸಿ.

ಕೇಬಲ್‌ನಲ್ಲೂ ವೇಗ ಇಲ್ಲದಿದ್ದರೆ

ಈಗ ಲೈನ್ ನೋಡುವ ಸರದಿ. ರೌಟರ್ ಮತ್ತು ಲೈನ್‌ನ ಡಬ್ಬಿ ಎರಡನ್ನೂ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಮೊದಲು ಡಬ್ಬಿ ಆನ್ ಮಾಡಿ. ಅದರ ದೀಪಗಳು ಸ್ಥಿರವಾದ ಮೇಲೆ ರೌಟರ್ ಆನ್ ಮಾಡಿ. ಸೂಜಿಯಿಂದ ಒತ್ತುವ ರೀಸೆಟ್ ಗುಂಡಿಗೆ ಮಾತ್ರ ಕೈ ಹಾಕಬೇಡಿ. ಅದು ಕಂಪನಿಯವರು ಹಾಕಿಕೊಟ್ಟ ಲಾಗಿನ್ ವಿವರವನ್ನೂ ಅಳಿಸಬಹುದು, ಆಗ ಇರುವ ಇಂಟರ್‌ನೆಟ್ಟೂ ಹೋಗುತ್ತದೆ.

ಫೈಬರ್ ಲೈನ್ ಆದರೆ ಅದು ಬಂದು ಸೇರುವ ಡಬ್ಬಿಗೆ ಓಎನ್‌ಟಿ ಎನ್ನುತ್ತಾರೆ. ಅದರ ಮೇಲೆ ಎಲ್‌ಓಎಸ್ ಎಂಬ ದೀಪ ಇರುತ್ತದೆ. ಅದು ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ, ನೇರವಾಗಿ ದೂರು ಕೊಡಿ. ದೀಪ ಸರಿಯಿದ್ದು ವೇಗ ಕುಂಟುತ್ತಿದ್ದರೆ ಡಬ್ಬಿಗೆ ಬರುವ ತೆಳು ವೈರನ್ನು ಕಣ್ಣಿನಿಂದ ಹಿಂಬಾಲಿಸಿ. ಅದರೊಳಗೆ ಇರುವುದು ಗಾಜಿನ ಎಳೆ. ಬಾಗಿಲಿಗೆ ಸಿಕ್ಕಿದ್ದರೆ, ಮೂಲೆಯಲ್ಲಿ ಚೂಪಾಗಿ ಮಡಿಸಿದ್ದರೆ, ಬಿಗಿಯಾಗಿ ಸುತ್ತಿ ಕಟ್ಟಿದ್ದರೆ ಬೆಳಕು ಅಲ್ಲೇ ಸೋರುತ್ತದೆ. ಮೆಲ್ಲಗೆ ಸಡಿಲಿಸಿ ದೊಡ್ಡ ಸುತ್ತಾಗಿ ಬಿಡಿ. ಕಿತ್ತ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಅದರಲ್ಲಿ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕೆಟ್ಟದ್ದು ಮಾಡಬಲ್ಲದು. ಓಎನ್‌ಟಿಯ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಎಂಬ ಸಂಖ್ಯೆ ಸಿಗುತ್ತದೆ, ಮೈನಸ್ ಗುರುತಿನ ಜೊತೆ. ಮೈನಸ್ 20ರ ಆಸುಪಾಸು ಇದ್ದರೆ ನಿಶ್ಚಿಂತೆ. ಮೈನಸ್ 27ರ ಹತ್ತಿರ ಅಥವಾ ಅದಕ್ಕೂ ಕೆಳಗಿದ್ದರೆ ಬೆಳಕು ಸೊರಗಿದೆ. ಇದನ್ನು ಸರಿಮಾಡುವುದು ಕಂಪನಿಯ ಕೆಲಸ.

ಟೆಲಿಫೋನ್ ತಂತಿಯ ಡಿಎಸ್‌ಎಲ್ ಇನ್ನೂ ಇದ್ದರೆ, ಫೋನ್‌ಗಳನ್ನೆಲ್ಲ ಕಿತ್ತು ಮೋಡೆಮನ್ನು ಮುಖ್ಯ ಸಾಕೆಟ್‌ಗೆ ನೇರ ಜೋಡಿಸಿ ನೋಡಿ. ಫಿಲ್ಟರ್ ಇಲ್ಲದ ಒಂದು ಫೋನ್ ಸಾಕು, ಇಡೀ ಲೈನ್ ಕೆಡಿಸಲು. ಡಿಎಸ್‌ಎಲ್‌ನ ಒಂದು ಬಗೆಯಾದ ಎಡಿಎಸ್‌ಎಲ್2ಪ್ಲಸ್‌ನ ಗರಿಷ್ಠ ವೇಗವೇ 24 ಎಂಬಿಪಿಎಸ್, ಅದೂ ಎಕ್ಸ್‌ಚೇಂಜ್ ಹತ್ತಿರವಿದ್ದರೆ. ದೂರವಾದಷ್ಟೂ ಇಳಿಯುತ್ತದೆ, ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ಟಿವಿ ಕೇಬಲ್‌ನಿಂದ ಬರುವ ಲೈನ್ ಆದರೆ ಸಡಿಲವಾದ ಕನೆಕ್ಟರ್‌ಗಳನ್ನು ಕೈಯಿಂದ ಬಿಗಿಮಾಡಿ, ಬೇಡದ ಸ್ಪ್ಲಿಟರ್ ತೆಗೆಯಿರಿ.

ನಿಮ್ಮ ಹಾಳೆಯಲ್ಲಿ ಬೆಳಗ್ಗೆ ಪೂರ್ತಿ ವೇಗ, ರಾತ್ರಿ ಮಾತ್ರ ಕಾಲುಭಾಗ ಎಂದಿದ್ದರೆ ಮನೆಯಲ್ಲಿ ಏನನ್ನೂ ಮುಟ್ಟಬೇಡಿ. ಫೈಬರ್‌ನ ಜಿಪಾನ್ ವ್ಯವಸ್ಥೆಯಲ್ಲಿ ಸುಮಾರು 2.5 ಗಿಗಾಬಿಟ್ ಡೌನ್‌ಲೋಡನ್ನು 32 ಅಥವಾ 64 ಮನೆಗಳಿಗೆ ಹಂಚುವುದು ಸಾಮಾನ್ಯ. ಎಲ್ಲರೂ ಒಟ್ಟಿಗೆ ಕೂತಾಗ ಅಲ್ಲೋ, ಅದಕ್ಕೂ ಮುಂದಿನ ಕೊಂಡಿಯಲ್ಲೋ ಇಕ್ಕಟ್ಟಾಗುತ್ತದೆ.

ಒಂದೇ ಸೈಟ್ ನಿಧಾನವಾದರೆ

ಆ ಸರ್ವರೇ ಪ್ರತಿಯೊಬ್ಬರಿಗೂ ಮಿತಿ ಹಾಕಿರಬಹುದು. ವಿಪಿಎನ್ ಹಾಕಿದ್ದರೆ ತೆಗೆದು, ಹಾಕಿಲ್ಲದಿದ್ದರೆ ಒಮ್ಮೆ ಹಾಕಿ ನೋಡಿ. ವಿಪಿಎನ್ ಹಾಕಿದಾಗ ವೇಗ ಹೆಚ್ಚಾದರೆ ಕಂಪನಿಯಿಂದ ಆ ಕಡೆಗೆ ಹೋಗುವ ಮಾರ್ಗ ಕೆಟ್ಟಿದೆ. ಗೇಮ್‌ಗಳನ್ನು ಮಾರುವ ಸ್ಟೀಮ್‌ನಂಥ ಕಡೆ ಡೌನ್‌ಲೋಡ್ ರೀಜನ್ ಬದಲಿಸಲು ಅವಕಾಶವಿದೆ. ಡಿಎನ್‌ಎಸ್ (ವೆಬ್‌ಸೈಟ್‌ನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸಿ, 1.1.1.1 ಅಥವಾ 8.8.8.8 ಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಪುಟಗಳು ತೆರೆಯಲು ಶುರುವಾಗುವುದು ಅದರಿಂದ ಚುರುಕಾಗಬಹುದು. ದೊಡ್ಡ ಫೈಲ್ ಇಳಿಯುವ ವೇಗ ಸಾಮಾನ್ಯವಾಗಿ ಬದಲಾಗುವುದಿಲ್ಲ.

ಕಂಪನಿಗೆ ಫೋನ್ ಮಾಡುವಾಗ

ನೆಟ್ ಸ್ಲೋ ಇದೆ ಎಂದರೆ ರೀಸ್ಟಾರ್ಟ್ ಮಾಡಿ ಎಂಬ ಉತ್ತರವೇ ಸಿಗುತ್ತದೆ. ಹಾಳೆ ಮುಂದಿಟ್ಟುಕೊಂಡು ಹೀಗೆ ಹೇಳಿ: "ಲ್ಯಾನ್ ಕೇಬಲ್‌ನಲ್ಲಿ ನೇರ ಜೋಡಿಸಿ ನೋಡಿದ್ದೇನೆ, ವೈಫೈ ಅಲ್ಲ. ಬೆಳಗ್ಗೆ 7ಕ್ಕೆ 190 ಬರುತ್ತದೆ, ರಾತ್ರಿ 9ಕ್ಕೆ 40. ಮೂರು ದಿನದಿಂದ ಹೀಗೇ ಇದೆ. ಲಿಂಕ್ ಸ್ಪೀಡ್ 1000 ಇದೆ, ಕೇಬಲ್ ಹೊಸದು." ಈ ನಾಲ್ಕು ಮಾತಿಗೆ ಅವರ ಮೊದಲ ಅರ್ಧ ಗಂಟೆಯ ಪ್ರಶ್ನೆಗಳು ಮುಗಿಯುತ್ತವೆ. ದೂರಿನ ನಂಬರ್ ಕೇಳಿ ಬರೆದುಕೊಳ್ಳಿ.

ಟೆಕ್ನಿಷಿಯನ್ ಮನೆಗೆ ಬಂದಾಗ ಅವರ ಮೊಬೈಲ್‌ನ ಟೆಸ್ಟ್ ನೋಡಿ ಒಪ್ಪಿಕೊಳ್ಳಬೇಡಿ. ನಿಮ್ಮ ಲ್ಯಾಪ್‌ಟಾಪನ್ನೇ ಕೇಬಲ್‌ನಿಂದ ಜೋಡಿಸಿ, ನೀವು ಹಿಂದೆ ಬಳಸಿದ ಅದೇ ಟೆಸ್ಟ್, ಅದೇ ಸರ್ವರ್‌ನಲ್ಲಿ ಅವರ ಎದುರಿಗೇ ಮಾಡಿ. ಫೈಬರ್ ಆದರೆ ಅವರ ಮೀಟರ್‌ನಲ್ಲಿ ಬಂದ ಪವರ್ ಎಷ್ಟು ಎಂದು ಕೇಳಿ ಅದನ್ನೂ ಹಾಳೆಗೆ ಸೇರಿಸಿ. ರಾತ್ರಿಯ ತೊಂದರೆ ಆಗಿದ್ದರೆ, ಆ ರಾತ್ರಿ 9ಕ್ಕೆ ಇನ್ನೊಮ್ಮೆ ಅಳೆದು ನೋಡುವವರೆಗೆ ದೂರು ಮುಚ್ಚಬೇಡಿ ಎಂದು ಅವರು ಹೊರಡುವ ಮೊದಲೇ ಹೇಳಿ.